ಚಿಪ್ಪಿನ ಕೆಪಾಸಿಟರ್‌ನಲ್ಲಿ ಸೇರಿಕೊಳ್ಳುವ ಇಂಡಕ್ಟನ್ಸ್: ಅಂದಾಜು ಮಾಡುವುದು, ತಗ್ಗಿಸುವುದು, ಅಳೆಯುವುದು ಹೇಗೆ

ಸ್ಕೀಮ್ಯಾಟಿಕ್‌ನಲ್ಲಿ ಕೆಪಾಸಿಟರ್ ಅಂದರೆ ಎರಡು ಗೆರೆ, ನಡುವೆ ಒಂದು ಸಂದು, ಅಷ್ಟೇ. ಸಿಲಿಕಾನ್ ಮೇಲೆ ಅದೇ ಕೆಪಾಸಿಟರ್ ಹತ್ತಾರು ಮೈಕ್ರಾನ್ ಉದ್ದದ ಲೋಹದ ಪ್ಲೇಟು, ಅದಕ್ಕೆ ಬಂದು ಸೇರುವ ವೈರು, ಒಂದಷ್ಟು ವಯಾ (ಲೋಹದ ಪದರಗಳನ್ನು ಮೇಲೆ ಕೆಳಗೆ ಜೋಡಿಸುವ ಸಣ್ಣ ಕಂಬ), ಆಮೇಲೆ ಕರೆಂಟ್ ಗ್ರೌಂಡ್ ಮೂಲಕ ವಾಪಸ್ ಬರುವ ದಾರಿ. ಕರೆಂಟ್ ಹೋಗಿ ಬರುವ ಈ ಸುತ್ತು ದಾರಿಗೆ, ಅಂದರೆ ಲೂಪಿಗೆ, ಇಂಡಕ್ಟನ್ಸ್ (ಕರೆಂಟ್ ಬದಲಾಗುವುದನ್ನು ವಿರೋಧಿಸುವ ಗುಣ) ಇದ್ದೇ ಇರುತ್ತದೆ. ಕೆಲವು ನೂರು ಮೆಗಾಹರ್ಟ್ಜ್‌ನಲ್ಲಿ ಕೆಲಸ ಮಾಡುವ ಸಣ್ಣ ಕೆಪಾಸಿಟರ್‌ಗೆ ಇದರಿಂದ ಏನೂ ಆಗುವುದಿಲ್ಲ. 20, 30, 60 ಗಿಗಾಹರ್ಟ್ಜ್‌ಗೆ ಹೋದರೆ, ಅಥವಾ ಕಡಿಮೆ ಫ್ರೀಕ್ವೆನ್ಸಿಯಲ್ಲೇ ದೊಡ್ಡ ಡೀಕಪ್ಲಿಂಗ್ ಕೆಪಾಸಿಟರ್ (ಸಪ್ಲೈ ವೋಲ್ಟೇಜ್ ಅಲುಗದಂತೆ ಹಿಡಿಯುವುದು) ಹಾಕಿದರೆ, ಇದನ್ನು ಲೆಕ್ಕಕ್ಕೆ ತಗೊಳ್ಳದ ಡಿಸೈನ್ ಸಿಮ್ಯುಲೇಶನ್‌ನಲ್ಲಿ ಚೆನ್ನಾಗಿ ಕಂಡು ಲ್ಯಾಬ್‌ನಲ್ಲಿ ಬೇರೆಯದೇ ತೋರಿಸುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಇಂಡಕ್ಟನ್ಸ್ ಕೆಪಾಸಿಟರ್‌ನದಲ್ಲ, ಲೂಪಿನದು. "ಈ ಕೆಪಾಸಿಟರ್‌ನ ಇಂಡಕ್ಟನ್ಸ್ ಎಷ್ಟು?" ಅಂತ ಯಾರಾದರೂ ಕೇಳಿದರೆ "ಕರೆಂಟ್ ಯಾವ ದಾರಿಯಲ್ಲಿ ವಾಪಸ್ ಬರುತ್ತದೆ?" ಅಂತ ತಿರುಗಿ ಕೇಳಬೇಕು. ಅದು ಗೊತ್ತಿಲ್ಲದೆ ಕೊಟ್ಟ ಯಾವ ಸಂಖ್ಯೆಗೂ ಅರ್ಥವಿಲ್ಲ.

ಯಾವಾಗ ತಲೆ ಕೆಡಿಸಿಕೊಳ್ಳಬೇಕು?

ಕೆಪಾಸಿಟರ್ ಜೊತೆ ಸೀರೀಸ್‌ನಲ್ಲಿ ಒಂದು ಸಣ್ಣ ಇಂಡಕ್ಟರ್ ಕೂತಿದೆ ಅಂದುಕೊಳ್ಳಿ. ಎರಡೂ ಸೇರಿ ಒಂದು ಫ್ರೀಕ್ವೆನ್ಸಿಯಲ್ಲಿ ರೆಸೊನೇಟ್ ಆಗುತ್ತವೆ. ಅದಕ್ಕೆ ಸೆಲ್ಫ್ ರೆಸೊನೆನ್ಸ್ ಅನ್ನುತ್ತೇವೆ. ಅದರ ಕೆಳಗೆ ನಿಮ್ಮದು ಕೆಪಾಸಿಟರ್, ಅದರ ಮೇಲೆ ಅದೇ ಲೇಔಟ್ ಇಂಡಕ್ಟರ್ ಥರ ನಡೆದುಕೊಳ್ಳುತ್ತದೆ. ಬಾಯಿಲೆಕ್ಕಕ್ಕೆ ಒಂದು ಸುಲಭ ದಾರಿ ಇದೆ: ಇಂಡಕ್ಟನ್ಸನ್ನು ಪಿಕೋಹೆನ್ರಿಯಲ್ಲಿ, ಕೆಪಾಸಿಟನ್ಸನ್ನು ಪಿಕೋಫ್ಯಾರಡ್‌ನಲ್ಲಿ ತಗೊಂಡು ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿ. ಉತ್ತರ ಗಿಗಾಹರ್ಟ್ಜ್‌ನಲ್ಲಿ ಬರುತ್ತದೆ. 1 ಪಿಕೋಫ್ಯಾರಡ್‌ಗೆ 10 ಪಿಕೋಹೆನ್ರಿ ಇದ್ದರೆ ಸುಮಾರು 50 ಗಿಗಾಹರ್ಟ್ಜ್. 10 ಪಿಕೋಫ್ಯಾರಡ್‌ಗೆ 50 ಪಿಕೋಹೆನ್ರಿ ಇದ್ದರೆ ಸುಮಾರು 7 ಗಿಗಾಹರ್ಟ್ಜ್.

ಆದರೆ ರೆಸೊನೆನ್ಸ್ ಇನ್ನೂ ದೂರ ಇದೆ ಅಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಅಲ್ಲಿಗೆ ಹೋಗುವ ಮೊದಲೇ ಕೆಪಾಸಿಟರ್‌ನ ಮೌಲ್ಯ ಮೇಲೇರಲು ಶುರುವಾಗುತ್ತದೆ. ಇಂಡಕ್ಟರ್‌ನ ರಿಯಾಕ್ಟನ್ಸ್ (ಏಸಿ ಕರೆಂಟ್‌ಗೆ ಒಡ್ಡುವ ಅಡ್ಡಿ) ಕೆಪಾಸಿಟರ್‌ನ ರಿಯಾಕ್ಟನ್ಸನ್ನು ಸ್ವಲ್ಪ ತಿಂದುಹಾಕುವುದರಿಂದ ಹೊರಗಿನಿಂದ ನೋಡಿದವರಿಗೆ ಕೆಪಾಸಿಟರ್ ದೊಡ್ಡದಾದ ಹಾಗೆ ಕಾಣುತ್ತದೆ. ಸೆಲ್ಫ್ ರೆಸೊನೆನ್ಸ್‌ನ ಹತ್ತನೇ ಒಂದು ಭಾಗದಲ್ಲಿ ಏರಿಕೆ 1 ಪರ್ಸೆಂಟ್. ಹತ್ತರಲ್ಲಿ ಮೂರು ಭಾಗಕ್ಕೆ ಬಂದಾಗ 10 ಪರ್ಸೆಂಟ್. ಅರ್ಧಕ್ಕೆ ಬಂದಾಗ 33 ಪರ್ಸೆಂಟ್. ಹಾಗಾಗಿ ಮ್ಯಾಚಿಂಗ್ ನೆಟ್‌ವರ್ಕ್, ಫಿಲ್ಟರ್, ಆಸಿಲೇಟರ್ ಟ್ಯಾಂಕ್ (ಒಟ್ಟಿಗೆ ರೆಸೊನೇಟ್ ಆಗುವ ಇಂಡಕ್ಟರ್, ಕೆಪಾಸಿಟರ್ ಜೋಡಿ) ಇಂಥವಕ್ಕೆ ನಾನು ಹತ್ತರಲ್ಲಿ ಮೂರು ಭಾಗವನ್ನು ಎಚ್ಚರಿಕೆಯ ಗೆರೆಯಾಗಿ ಇಟ್ಟುಕೊಳ್ಳುತ್ತೇನೆ. ಅದನ್ನು ದಾಟಿದರೆ ಇಂಡಕ್ಟನ್ಸನ್ನು ಸರ್ಕ್ಯೂಟ್‌ನಲ್ಲೇ ಬರೆದು ಸಿಮ್ಯುಲೇಟ್ ಮಾಡಬೇಕು, ಬೇರೆ ದಾರಿ ಇಲ್ಲ. ಬರೀ ಬೈಪಾಸ್ (ಏಸಿ ಸಿಗ್ನಲನ್ನು ಗ್ರೌಂಡ್‌ಗೆ ಇಳಿಸುವುದು) ಕೆಲಸಕ್ಕಾದರೆ ಇಷ್ಟು ಬಿಗಿ ಬೇಡ. ಅಲ್ಲಿ ನಮಗೆ ಬೇಕಾದದ್ದು ಕಡಿಮೆ ಇಂಪೀಡೆನ್ಸ್, ಸರಿಯಾದ ಮೌಲ್ಯ ಅಲ್ಲ.

ಇನ್ನೊಂದು ಗೊಂದಲವನ್ನು ಇಲ್ಲೇ ಬಗೆಹರಿಸೋಣ. ರೆಸೊನೆನ್ಸ್ ಹತ್ತಿರ ಬಂದ ಹಾಗೆ ಕ್ಯೂ (ಲಾಸ್ ಎಷ್ಟು ಕಡಿಮೆ ಅಂತ ಹೇಳುವ ಸಂಖ್ಯೆ) ಗ್ರಾಫ್ ಸೊನ್ನೆಗೆ ಇಳಿಯುತ್ತದೆ. ಅದನ್ನು ನೋಡಿ ಕೆಪಾಸಿಟರ್‌ನಲ್ಲಿ ಲಾಸ್ ಜಾಸ್ತಿಯಾಯಿತು ಅಂತ ತಿಳಿಯಬೇಡಿ. ಇಂಪೀಡೆನ್ಸ್‌ನ ಇಮ್ಯಾಜಿನರಿ ಭಾಗವನ್ನು ರಿಯಲ್ ಭಾಗದಿಂದ ಭಾಗಿಸಿ ಕ್ಯೂ ತೆಗೆಯುತ್ತೇವೆ ಅಲ್ವಾ? ಇಮ್ಯಾಜಿನರಿ ಭಾಗ ಸೊನ್ನೆಯಾದರೆ ಕ್ಯೂ ಕೂಡ ಸೊನ್ನೆ. ಲಾಸ್ ನೋಡಬೇಕಿದ್ದರೆ ರಿಯಲ್ ಭಾಗವನ್ನೇ ನೇರವಾಗಿ ಪ್ಲಾಟ್ ಮಾಡಿ.

ಇಂಡಕ್ಟನ್ಸ್ ನಿಜವಾಗಿ ಎಲ್ಲಿದೆ?

ಮಿಮ್ (ಲೋಹ, ಇನ್ಸುಲೇಟರ್, ಲೋಹ) ಕೆಪಾಸಿಟರ್ ತಗೊಳ್ಳಿ. ಕೆಳಗೊಂದು ಪ್ಲೇಟು, ಮೇಲೊಂದು ಪ್ಲೇಟು, ನಡುವೆ ಕೆಲವು ಹತ್ತು ನ್ಯಾನೊಮೀಟರ್ ದಪ್ಪದ ಇನ್ಸುಲೇಟರ್. ಸಾಮಾನ್ಯವಾಗಿ ಒಂದು ಚದರ ಮೈಕ್ರಾನ್‌ಗೆ 1ರಿಂದ 2 ಫೆಮ್ಟೊಫ್ಯಾರಡ್ ಸಿಗುತ್ತದೆ. 1 ಫೆಮ್ಟೊಫ್ಯಾರಡ್ ಲೆಕ್ಕದಲ್ಲಿ 10 ಪಿಕೋಫ್ಯಾರಡ್ ಬೇಕಿದ್ದರೆ 100 ಮೈಕ್ರಾನ್ ಬದಿಯ ಚೌಕ.

ಈಗ ಎರಡು ಪ್ಲೇಟಿಗೂ ಎಡಗಡೆಯಿಂದಲೇ ಕನೆಕ್ಷನ್ ಕೊಟ್ಟಿರಿ ಅಂದುಕೊಳ್ಳಿ. ಕರೆಂಟ್ ಮೇಲಿನ ಪ್ಲೇಟಿನಲ್ಲಿ ಬಲಕ್ಕೆ ಹೋಗುತ್ತದೆ. ಹೋಗುತ್ತಾ ಹೋಗುತ್ತಾ ಸ್ವಲ್ಪ ಸ್ವಲ್ಪವೇ ಕೆಳಗೆ ದಾಟುತ್ತದೆ. ಕೆಳಗಿನ ಪ್ಲೇಟಿನಲ್ಲಿ ಎಡಕ್ಕೆ ವಾಪಸ್ ಬರುತ್ತದೆ. ಯಾವ ಜಾಗದಲ್ಲಿ ಕತ್ತರಿಸಿ ನೋಡಿದರೂ ಮೇಲಿನ ಕರೆಂಟು ಕೆಳಗಿನ ಕರೆಂಟು ಸಮ, ದಿಕ್ಕು ಎದುರುಬದುರು. ಹೊರಗಡೆ ಕಾಂತಕ್ಷೇತ್ರ ಹೆಚ್ಚುಕಡಿಮೆ ಉಳಿಯುವುದೇ ಇಲ್ಲ, ಇರುವುದೆಲ್ಲ ಆ ತೆಳು ಸಂದಿನಲ್ಲಿ ಮತ್ತು ಲೋಹದ ದಪ್ಪದೊಳಗೆ. ಚೌಕ ಪ್ಲೇಟಿಗೆ ಲೆಕ್ಕ ಹಾಕಿದರೆ, ಲೋಹದ ದಪ್ಪವನ್ನು ಸೇರಿಸಿಯೂ, ಅರ್ಧ ಪಿಕೋಹೆನ್ರಿ ದಾಟುವುದಿಲ್ಲ. ಅಂದರೆ ಲೆಕ್ಕಕ್ಕೇ ಇಲ್ಲ.

ಅದೇ ಕೆಪಾಸಿಟರ್‌ಗೆ ಮೇಲಿನ ಪ್ಲೇಟಿಗೆ ಎಡಗಡೆಯಿಂದ, ಕೆಳಗಿನ ಪ್ಲೇಟಿಗೆ ಬಲಗಡೆಯಿಂದ ಕನೆಕ್ಷನ್ ಕೊಡಿ. ಈಗಲೂ ಕರೆಂಟ್ ಮೇಲಿನ ಪ್ಲೇಟಿನಲ್ಲಿ ಬಲಕ್ಕೆ ಹೋಗುತ್ತಾ ಕೆಳಗೆ ದಾಟುತ್ತದೆ, ಆದರೆ ಕೆಳಗಿನ ಪ್ಲೇಟಿನಲ್ಲೂ ಅದು ಬಲಕ್ಕೇ ಹೋಗುತ್ತದೆ. ಎರಡೂ ಒಂದೇ ದಿಕ್ಕು. ಎಲ್ಲಿ ಕತ್ತರಿಸಿದರೂ ಒಟ್ಟು ಕರೆಂಟ್ ಅಷ್ಟೇ ಇರುತ್ತದೆ. ಕಾಂತಕ್ಷೇತ್ರದ ಮಟ್ಟಿಗೆ ಅಲ್ಲಿ ಕೆಪಾಸಿಟರ್ ಇದೆ ಅನ್ನುವುದೇ ಗೊತ್ತಾಗುವುದಿಲ್ಲ, 100 ಮೈಕ್ರಾನ್ ಉದ್ದ 100 ಮೈಕ್ರಾನ್ ಅಗಲದ ಒಂದು ಲೋಹದ ಪಟ್ಟಿ ಇದ್ದ ಹಾಗೆ. ಆ ಪಟ್ಟಿಯ ಇಂಡಕ್ಟನ್ಸ್ ಸುಮಾರು 28 ಪಿಕೋಹೆನ್ರಿ. 10 ಪಿಕೋಫ್ಯಾರಡ್ ಜೊತೆ ಅದು ರೆಸೊನೇಟ್ ಆಗುವುದು ಸುಮಾರು 9.5 ಗಿಗಾಹರ್ಟ್ಜ್‌ನಲ್ಲಿ.

ಪ್ಲೇಟು ಅದೇ, ಇನ್ಸುಲೇಟರ್ ಅದೇ, ಪಿಡಿಕೆ (ಚಿಪ್ ತಯಾರಿಸುವ ಕಾರ್ಖಾನೆ ಕೊಡುವ ಡಿಸೈನ್ ಕಿಟ್) ಸೆಲ್ ಕೂಡ ಅದೇ. ಬದಲಾದದ್ದು ಕನೆಕ್ಷನ್ ಕೊಟ್ಟ ಬದಿ ಮಾತ್ರ. ಲೇಔಟ್ ಮಾಡುವವರಿಗೆ ಇದೊಂದು ವಿಷಯ ಚಿತ್ರ ಬರೆದು ತೋರಿಸಿದರೆ ಸಾಕು, ಅರ್ಧ ಕೆಲಸ ಮುಗಿದ ಹಾಗೆ.

ಮಾಮ್ ಕೆಪಾಸಿಟರ್, ಅಂದರೆ ಬೆರಳುಗಳ ಥರ ಒಂದರೊಳಗೊಂದು ಸೇರಿಕೊಂಡ ಲೋಹದ ಗೆರೆಗಳದ್ದು, ಅದಕ್ಕೂ ಇದೇ ಮಾತು. ಅಕ್ಕಪಕ್ಕದ ಬೆರಳುಗಳಲ್ಲಿ ಕರೆಂಟ್ ಎದುರುಬದುರು ಹರಿಯುತ್ತದೆ, ಹಾಗಾಗಿ ಇಂಡಕ್ಟನ್ಸ್ ತಾನೇ ಕಳೆದುಹೋಗುತ್ತದೆ ಅಂತ ಅನೇಕರು ನಂಬಿರುತ್ತಾರೆ. ಎರಡು ಬಾಚಣಿಗೆಗಳ ಬೆನ್ನು ಎದುರುಬದುರು ಬದಿಯಲ್ಲಿರುವ ಮಾಮೂಲಿ ಲೇಔಟ್‌ನಲ್ಲಿ ಹಾಗಾಗುವುದಿಲ್ಲ. ಎಡ ಬೆನ್ನಿನಿಂದ ಬಂದ ಕರೆಂಟ್ ಪಕ್ಕದ ಬೆರಳಿಗೆ ದಾಟಿ ಬಲ ಬೆನ್ನಿಗೇ ಹೋಗುತ್ತದೆ, ಹಾಗಾಗಿ ದಿಕ್ಕು ಒಂದೇ. ಕಳೆಯಬೇಕಿದ್ದರೆ ಎರಡು ಟರ್ಮಿನಲ್‌ಗಳನ್ನೂ ಒಂದೇ ಬದಿಗೆ ತರಬೇಕು. ಅಥವಾ ಒಂದು ಲೇಯರ್‌ನ ಬೆರಳು ಅಡ್ಡ, ಮುಂದಿನ ಲೇಯರ್‌ನದು ಉದ್ದ, ನಡುವೆ ವಯಾಗಳು ಇರುವ ಹೆಣೆದ ರಚನೆ ಬಳಸಬೇಕು. ಅದರಲ್ಲಿ ಕರೆಂಟ್ ಒಂದೇ ಉದ್ದ ಬೆರಳನ್ನು ಪೂರ್ತಿ ನಡೆಯಬೇಕಿಲ್ಲ, ಹತ್ತಾರು ಗಿಡ್ಡ ದಾರಿಗಳಿರುತ್ತವೆ.

ಕೈಲೆಕ್ಕ

ಸಿಮ್ಯುಲೇಟರ್ ತೆರೆಯುವ ಮೊದಲು ಕಾಗದದ ಮೇಲೆ ಒಂದು ಅಂದಾಜು ಇರಲಿ. ಸಣಕಲು ವೈರಿಗೆ, ಹತ್ತಿರದಲ್ಲಿ ರಿಟರ್ನ್ ದಾರಿ ಇಲ್ಲದಿದ್ದರೆ, ಒಂದು ಮೈಕ್ರಾನ್‌ಗೆ ಹೆಚ್ಚುಕಡಿಮೆ 1 ಪಿಕೋಹೆನ್ರಿ ಅಂತ ಹಿಡಿಯಿರಿ. ಇನ್ನೂ ಸರಿಯಾಗಿ ಬೇಕಿದ್ದರೆ ಚಪ್ಪಟೆ ಪಟ್ಟಿಯ ಸೂತ್ರ ಇದೆ. ಉದ್ದದ ಎರಡರಷ್ಟನ್ನು, ಅಗಲ ಮತ್ತು ದಪ್ಪ ಕೂಡಿಸಿ ಬಂದದ್ದರಿಂದ ಭಾಗಿಸಿ, ನ್ಯಾಚುರಲ್ ಲಾಗ್ ತೆಗೆಯಿರಿ. ಅದಕ್ಕೆ 0.5 ಕೂಡಿಸಿ. ಅಗಲ ಮತ್ತು ದಪ್ಪದ ಮೊತ್ತವನ್ನು ಉದ್ದದಿಂದ ಭಾಗಿಸಿ, 0.22ರಿಂದ ಗುಣಿಸಿ, ಅದನ್ನೂ ಕೂಡಿಸಿ. ಬಂದ ಮೊತ್ತವನ್ನು ಮೈಕ್ರಾನ್ ಲೆಕ್ಕದ ಉದ್ದದಿಂದಲೂ 0.2ರಿಂದಲೂ ಗುಣಿಸಿದರೆ ಪಿಕೋಹೆನ್ರಿ ಸಿಗುತ್ತದೆ. 1 ಮೈಕ್ರಾನ್ ದಪ್ಪದ ಲೋಹ, 100 ಮೈಕ್ರಾನ್ ಉದ್ದ ಅಂತಿಟ್ಟುಕೊಂಡರೆ 2 ಮೈಕ್ರಾನ್ ಅಗಲಕ್ಕೆ 94, 10 ಮೈಕ್ರಾನ್ ಅಗಲಕ್ಕೆ 68, 100 ಮೈಕ್ರಾನ್ ಅಗಲಕ್ಕೆ 28. ನೋಡಿ, ಅಗಲ 50 ಪಟ್ಟು ಜಾಸ್ತಿ ಮಾಡಿದರೂ ಇಂಡಕ್ಟನ್ಸ್ ಮೂರನೇ ಒಂದಕ್ಕಷ್ಟೇ ಇಳಿಯಿತು. ಲಾಗ್‌ನ ಗುಣವೇ ಅದು. ರೆಸಿಸ್ಟನ್ಸ್ ತಗ್ಗಿಸಲು ವೈರ್ ಅಗಲ ಮಾಡುವ ಅಭ್ಯಾಸ ಇಲ್ಲಿ ಅಷ್ಟಾಗಿ ಫಲ ಕೊಡುವುದಿಲ್ಲ. ಉದ್ದ ಕಡಿಮೆ ಮಾಡುವುದು, ರಿಟರ್ನ್ ಹತ್ತಿರ ತರುವುದು ಇವೆರಡೇ ನಿಜವಾಗಿ ಕೆಲಸ ಮಾಡುವುದು.

ರಿಟರ್ನ್ ಹತ್ತಿರ ತಂದರೆ ಎಷ್ಟು ಲಾಭ? 10 ಮೈಕ್ರಾನ್ ಅಗಲದ ವೈರಿನ 5 ಮೈಕ್ರಾನ್ ಕೆಳಗೆ ಗ್ರೌಂಡ್ ಪ್ಲೇನ್ ಇದ್ದರೆ ಇಂಡಕ್ಟನ್ಸ್ ಒಂದು ಮೈಕ್ರಾನ್‌ಗೆ ಸುಮಾರು 0.3 ಪಿಕೋಹೆನ್ರಿ. ಅದೇ ವೈರ್ ಪ್ಲೇನ್ ಇಲ್ಲದೆ 100 ಮೈಕ್ರಾನ್ ಓಡಿದಾಗ 0.68 ಇತ್ತಲ್ಲ, ಅರ್ಧಕ್ಕಿಂತ ಕೆಳಗೆ ಬಂತು. ಪ್ಲೇನ್‌ನಿಂದ ಒಂದು ಮೈಕ್ರಾನ್‌ಗೆ ಸುಮಾರು 0.15 ಫೆಮ್ಟೊಫ್ಯಾರಡ್ ಕೆಪಾಸಿಟನ್ಸ್ ಜಾಸ್ತಿಯಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಬೈಪಾಸ್ ಕೆಪಾಸಿಟರ್‌ಗಾದರೆ ಕಣ್ಣು ಮುಚ್ಚಿ ಒಪ್ಪಿಕೊಳ್ಳಬಹುದು.

ಒಂದು ಎಚ್ಚರಿಕೆ. ಪಟ್ಟಿಯ ಸೂತ್ರ ಕೊಡುವುದು ಬರೀ ಆ ತುಂಡಿನ ಪಾಲು. ಲೂಪ್ ಮುಚ್ಚುವ ಉಳಿದ ತುಂಡುಗಳನ್ನೂ ಸೇರಿಸಬೇಕು, ಅವುಗಳ ನಡುವಿನ ಮ್ಯೂಚುವಲ್ ಇಂಡಕ್ಟನ್ಸನ್ನು ದಿಕ್ಕಿಗೆ ತಕ್ಕಂತೆ ಕೂಡಿಸಬೇಕು ಇಲ್ಲವೇ ಕಳೆಯಬೇಕು. ಚಿಪ್ಪಿನ ವೈರಿಂಗ್‌ಗೆ ಹೀಗೆ ತುಂಡು ತುಂಡಾಗಿ ಲೆಕ್ಕ ಹಾಕುವ ವಿಧಾನವನ್ನು ಐಬಿಎಮ್‌ನ ಆಲ್ಬರ್ಟ್ ರೂಲಿ 1972ರಲ್ಲೇ ಬರೆದಿಟ್ಟಿದ್ದಾರೆ. ಎಮ್‌ಐಟಿಯಿಂದ ಬಂದ ಫಾಸ್ಟ್‌ಹೆನ್ರಿ ಎಂಬ ಉಚಿತ ಪ್ರೋಗ್ರಾಂ ಅದೇ ಥರದ ಲೆಕ್ಕವನ್ನು ನಿಮಗಾಗಿ ಮಾಡಿಕೊಡುತ್ತದೆ. ದುಬಾರಿ ಟೂಲ್ ಇಲ್ಲದ ವಿದ್ಯಾರ್ಥಿಗಳು ಅದರಿಂದಲೇ ಶುರು ಮಾಡಿ, ಕೈಲೆಕ್ಕದ ಜೊತೆ ಹೋಲಿಸಿ. ಅರ್ಥ ಆಗುವುದು ಹಾಗೇ.

ಮಾಡೆಲ್ ಒಳಗೆ ಏನಿದೆ ಅಂತ ನೋಡಿ

ಇಲ್ಲಿ ತುಂಬ ಜನ ಎಡವುತ್ತಾರೆ. ಪೋಸ್ಟ್ ಲೇಔಟ್ ಎಕ್ಸ್‌ಟ್ರಾಕ್ಷನ್ (ಮುಗಿದ ಲೇಔಟ್‌ನಿಂದ ಸರ್ಕ್ಯೂಟ್ ತೆಗೆಯುವುದು) ಮಾಡಿದ್ದೇವೆ, ಪ್ಯಾರಾಸಿಟಿಕ್ (ನಾವು ಹಾಕದೆ ಲೇಔಟ್‌ನಿಂದ ತಾನೇ ಸೇರಿಕೊಳ್ಳುವುದು) ಎಲ್ಲ ಬಂದಿದೆ ಅಂದುಕೊಳ್ಳುತ್ತಾರೆ. ಮಾಮೂಲಿ ಎಕ್ಸ್‌ಟ್ರಾಕ್ಷನ್ ಓಡುವುದು ಆರ್‌ಸಿ ಮೋಡ್‌ನಲ್ಲಿ. ರೆಸಿಸ್ಟನ್ಸ್ ಬರುತ್ತದೆ, ಕೆಪಾಸಿಟನ್ಸ್ ಬರುತ್ತದೆ, ಇಂಡಕ್ಟನ್ಸ್ ಒಂದು ಚೂರೂ ಬರುವುದಿಲ್ಲ. ಟೂಲ್ ಏನೂ ದೂರು ಹೇಳುವುದಿಲ್ಲ, ನೆಟ್‌ಲಿಸ್ಟ್ ದಪ್ಪಗಿರುತ್ತದೆ, ನೋಡಿದರೆ ನಂಬಿಕೆ ಹುಟ್ಟುತ್ತದೆ. ಒಮ್ಮೆ ಆ ನೆಟ್‌ಲಿಸ್ಟ್ ತೆರೆದು ಇಂಡಕ್ಟರ್ ಅಂತ ಒಂದಾದರೂ ಸಾಲು ಇದೆಯಾ ಹುಡುಕಿ.

ಇನ್ನು ಪಿಡಿಕೆ ಕೊಟ್ಟ ಕೆಪಾಸಿಟರ್ ಮಾಡೆಲ್. ಆರ್‌ಎಫ್ ಮಾಡೆಲ್ ಆದರೆ ಅದರಲ್ಲಿ ಸೀರೀಸ್ ಇಂಡಕ್ಟನ್ಸ್ ಇರುವ ಸಾಧ್ಯತೆ ಜಾಸ್ತಿ, ಬೇಸ್‌ಬ್ಯಾಂಡ್ ಮಾಡೆಲ್ ಆದರೆ ಇಲ್ಲದಿರುವ ಸಾಧ್ಯತೆ ಜಾಸ್ತಿ. ಊಹೆ ಮಾಡಬೇಡಿ. ಒಂದು ಪುಟ್ಟ ಟೆಸ್ಟ್‌ಬೆಂಚ್‌ನಲ್ಲಿ ಆ ಸೆಲ್ ಒಂದನ್ನೇ ಇಟ್ಟು 100 ಗಿಗಾಹರ್ಟ್ಜ್‌ವರೆಗೆ ಏಸಿ ಸ್ವೀಪ್ ಮಾಡಿ. ಇಂಪೀಡೆನ್ಸ್‌ಗೆ ಎಲ್ಲೂ ತಗ್ಗು ಕಾಣದಿದ್ದರೆ ಒಂದೋ ಒಳಗೆ ಇಂಡಕ್ಟನ್ಸ್ ಇಲ್ಲ, ಇಲ್ಲವೇ ನೀವು ಇಟ್ಟ ಕೆಪಾಸಿಟರ್ ತೀರಾ ಸಣ್ಣದು. ದೊಡ್ಡ ಮೌಲ್ಯ ಹಾಕಿ ಇನ್ನೊಮ್ಮೆ ನೋಡಿ. ಇಂಡಕ್ಟನ್ಸ್ ಇದ್ದರೆ ಮುಂದಿನ ಪ್ರಶ್ನೆ: ಆ ಸಂಖ್ಯೆ ಯಾವ ಬದಿಯ ಕನೆಕ್ಷನ್‌ಗೆ ಅಳೆದದ್ದು? ರೆಫರೆನ್ಸ್ ಪ್ಲೇನ್ (ಅಳತೆ ಶುರುವಾಗುವ ಗೆರೆ) ಎಲ್ಲಿದೆ, ಪ್ಲೇಟಿನ ಅಂಚಿನಲ್ಲೋ, ಇನ್ನೂ 10 ಮೈಕ್ರಾನ್ ಆಚೆಯೋ? ಮಾಡೆಲ್ ದಾಖಲೆಯಲ್ಲಿ ಟೆಸ್ಟ್ ರಚನೆಯ ಚಿತ್ರ ಇದ್ದರೆ ಅದನ್ನೇ ನೋಡಿ. ನಿಮ್ಮ ಲೇಔಟ್ ಆ ಚಿತ್ರದ ಹಾಗೆ ಇಲ್ಲದಿದ್ದರೆ ಮಾಡೆಲ್‌ನ ಇಂಡಕ್ಟನ್ಸ್ ನಿಮ್ಮದಲ್ಲ.

ಇಎಮ್ (ಎಲೆಕ್ಟ್ರೋಮ್ಯಾಗ್ನೆಟಿಕ್) ಸಿಮ್ಯುಲೇಶನ್ ಮಾಡುವಾಗ ಇದರ ಇನ್ನೊಂದು ಮುಖ ಬರುತ್ತದೆ, ಎರಡು ಸಲ ಎಣಿಸುವುದು. ಪ್ಲೇಟುಗಳನ್ನೂ ಇಎಮ್‌ನಲ್ಲಿ ಹಾಕಿ, ಮೇಲೆ ಪಿಡಿಕೆ ಮಾಡೆಲ್‌ನ ಇಂಡಕ್ಟನ್ಸನ್ನೂ ಇಟ್ಟರೆ ಒಂದೇ ಲೋಹದ ಲೆಕ್ಕ ಎರಡು ಸಲ ಬಂತು. ಇಎಮ್‌ನಲ್ಲಿ ಎಲ್ಲಿವರೆಗೆ, ಮಾಡೆಲ್‌ನಲ್ಲಿ ಎಲ್ಲಿಂದ ಅಂತ ಒಂದು ಗೆರೆ ಎಳೆದು, ಅದನ್ನು ಲೇಔಟ್ ಚಿತ್ರದ ಮೇಲೇ ಬರೆದಿಡಿ. ಆರು ತಿಂಗಳ ನಂತರ ನಿಮ್ಮ ಬ್ಲಾಕ್ ತೆರೆಯುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಇಎಮ್ ಸಿಮ್ಯುಲೇಶನ್‌ನಲ್ಲಿ ಮಿಮ್‌ನ ತೊಂದರೆ

ಮೊಮೆಂಟಮ್, ಸಾನೆಟ್, ಇಎಮ್‌ಎಕ್ಸ್ ಥರದ ಪದರ ಪದರದ ಟೂಲ್ ಆಗಲಿ, ಎಚ್‌ಎಫ್‌ಎಸ್‌ಎಸ್ ಥರದ ಪೂರ್ತಿ 3ಡಿ ಟೂಲ್ ಆಗಲಿ, 40 ನ್ಯಾನೊಮೀಟರ್ ಸಂದು ಮತ್ತು 100 ಮೈಕ್ರಾನ್ ಪ್ಲೇಟು ಒಟ್ಟಿಗೆ ಬಂದಾಗ ಮೆಶ್ (ಲೆಕ್ಕಕ್ಕಾಗಿ ಟೂಲ್ ಹೆಣೆಯುವ ಜಾಲರಿ) ಕಷ್ಟಪಡುತ್ತದೆ. ಎರಡು ದಾರಿ ಇವೆ. ಮೊದಲನೆಯದು: ಇನ್ಸುಲೇಟರ್‌ನ ದಪ್ಪವನ್ನೂ ಪರ್ಮಿಟಿವಿಟಿಯನ್ನೂ ಒಂದೇ ಪಟ್ಟಿನಲ್ಲಿ ಹೆಚ್ಚಿಸುವುದು. 10 ಪಟ್ಟು ದಪ್ಪ, 10 ಪಟ್ಟು ಪರ್ಮಿಟಿವಿಟಿ. ಕೆಪಾಸಿಟನ್ಸ್ ಹಾಗೇ ಉಳಿಯುತ್ತದೆ, ಮೆಶ್ ಹಗುರವಾಗುತ್ತದೆ, ಇಂಡಕ್ಟನ್ಸ್ ಹೆಚ್ಚು ಬದಲಾಗುವುದಿಲ್ಲ, ಯಾಕೆಂದರೆ ಆ ಸಂದಿನಲ್ಲಿ ಇದ್ದದ್ದೇ ಅತ್ಯಲ್ಪ. ಎರಡನೆಯದು: ಪ್ಲೇಟುಗಳ ಅಂಚಿನಲ್ಲಿ ಪೋರ್ಟ್ ಇಟ್ಟು, ವೈರು ಮತ್ತು ರಿಟರ್ನ್ ದಾರಿಯನ್ನು ಮಾತ್ರ ಇಎಮ್‌ಗೆ ಕೊಟ್ಟು, ಕೆಪಾಸಿಟರ್ ಜಾಗದಲ್ಲಿ ಪಿಡಿಕೆ ಮಾಡೆಲ್ ಕೂರಿಸುವುದು. ಸಣ್ಣ ಕೆಪಾಸಿಟರ್‌ಗೆ ಇದು ಸಾಕು. ಪ್ಲೇಟೇ ಉದ್ದವಾಗಿದ್ದರೆ ಮೊದಲನೆಯದೇ ಸರಿ.

ಯಾವ ಟೂಲ್ ಆದರೂ ಪೋರ್ಟ್‌ನ ಗ್ರೌಂಡ್ ಎಲ್ಲಿದೆ ಅಂತ ನೋಡಿಕೊಳ್ಳಿ. ಟೂಲ್ ತಾನೇ ದೂರದಲ್ಲಿ ಒಂದು ಆದರ್ಶ ಗ್ರೌಂಡ್ ಇಟ್ಟುಕೊಂಡರೆ ನಿಮ್ಮ ಲೂಪ್ ನಿಜವಾದ ಲೂಪ್ ಅಲ್ಲ, ಬಂದ ಸಂಖ್ಯೆಯೂ ನಿಜವಲ್ಲ. ಗ್ರೌಂಡ್ ಲೋಹವನ್ನು ಇರುವ ಹಾಗೆಯೇ ಬಿಡಿಸಿ, ಪೋರ್ಟ್‌ನ ಮೈನಸ್ ಅನ್ನು ಅದಕ್ಕೇ ಕಟ್ಟಿ.

ಲೇಔಟ್‌ನಲ್ಲಿ ಏನು ಮಾಡಬೇಕು

ಮೊದಲು ಕೆಪಾಸಿಟರ್‌ನ ಕೆಲಸ ಏನು ಅಂತ ಕೇಳಿಕೊಳ್ಳಿ. ಗ್ರೌಂಡ್‌ಗೆ ಇಳಿಯುವ ಶಂಟ್ ಕೆಪಾಸಿಟರ್ ಆದರೆ ಎರಡು ಟರ್ಮಿನಲ್‌ಗಳನ್ನೂ ಒಂದೇ ಬದಿಗೆ ತನ್ನಿ, ಅಥವಾ ಗ್ರೌಂಡ್ ಲೋಹವನ್ನು ಪ್ಲೇಟಿನ ಕೆಳಗಿನಿಂದ ಹಿಂದಕ್ಕೆ ತಂದು ಸಿಗ್ನಲ್ ಬರುವ ಜಾಗದಲ್ಲೇ ಸೇರಿಸಿ. ಪ್ಲೇಟು ಕರೆಂಟ್ ಹರಿಯುವ ದಿಕ್ಕಿನಲ್ಲಿ ಗಿಡ್ಡಗಿರಲಿ, ಅಡ್ಡಕ್ಕೆ ಅಗಲವಾಗಿರಲಿ. 10 ಪಿಕೋಫ್ಯಾರಡ್‌ಗೆ 100 ಮೈಕ್ರಾನ್ ಬದಿಯ ಚೌಕದ ಬದಲು 50 ಮೈಕ್ರಾನ್ ಉದ್ದ 200 ಮೈಕ್ರಾನ್ ಅಗಲ ಮಾಡಿದರೆ ದಾರಿ ಅರ್ಧವಾಯಿತು. ಆದರೆ ಆ 200 ಮೈಕ್ರಾನ್ ಅಂಚಿಗೆ ಪೂರ್ತಿ ಅಗಲಕ್ಕೆ ಕನೆಕ್ಷನ್ ಕೊಡಬೇಕು. ಮಧ್ಯದಲ್ಲಿ 5 ಮೈಕ್ರಾನ್ ವೈರಿನಿಂದ ಚುಚ್ಚಿದರೆ ಎಲ್ಲ ಲಾಭ ಹೋಯಿತು, ಕರೆಂಟ್ ಅಲ್ಲಿ ಕಿರಿದಾಗಿ ಆಮೇಲೆ ಹರಡಿಕೊಳ್ಳಬೇಕಾಗುತ್ತದೆ.

ಎರಡು ಹಂತಗಳ ನಡುವಿನ ಕಪ್ಲಿಂಗ್ ಕೆಪಾಸಿಟರ್ ಆದರೆ ಟರ್ಮಿನಲ್‌ಗಳು ಎದುರುಬದುರು ಇರಲೇಬೇಕು, ತಪ್ಪಿಸಲು ಆಗುವುದಿಲ್ಲ. ಆಗ ಇಂಡಕ್ಟನ್ಸ್ ಜೊತೆ ಗುದ್ದಾಡುವ ಬದಲು ಅದನ್ನು ಲೈನಿನ ಒಂದು ತುಂಡು ಅಂತಲೇ ಎಣಿಸಿ. ಹೋಗುವ ಟ್ರಾನ್ಸ್‌ಮಿಷನ್ ಲೈನ್ ಎಷ್ಟು ಅಗಲವೋ ಪ್ಲೇಟೂ ಅಷ್ಟೇ ಅಗಲವಾಗಿದ್ದು, ಕೆಳಗೆ ಗ್ರೌಂಡ್ ಹಾಗೇ ಮುಂದುವರಿದರೆ, ಪ್ಲೇಟಿನ ಇಂಡಕ್ಟನ್ಸ್ ಲೈನಿನ ಇಂಡಕ್ಟನ್ಸ್‌ನಲ್ಲೇ ಕರಗಿಹೋಗುತ್ತದೆ. ಪ್ಯಾರಾಸಿಟಿಕ್ ಅನ್ನುವ ಹೆಸರೇ ಬೇಡ ಅದಕ್ಕೆ. ಕೆಳಗಿನ ಪ್ಲೇಟಿನ ಗ್ರೌಂಡ್ ಕೆಪಾಸಿಟನ್ಸ್ ಕಡಿಮೆ ಇಂಪೀಡೆನ್ಸ್ ಇರುವ ಬದಿಗೆ ಬರುವಂತೆ ತಿರುಗಿಸುವುದನ್ನು ಮರೆಯಬೇಡಿ.

ದೊಡ್ಡ ಕೆಪಾಸಿಟರನ್ನು ತುಂಡು ಮಾಡಿ ಪ್ಯಾರಲಲ್ ಹಾಕುವುದು ಒಳ್ಳೆಯದೇ. ಆದರೆ 10 ತುಂಡು ಮಾಡಿದರೆ ಇಂಡಕ್ಟನ್ಸ್ ಹತ್ತನೇ ಒಂದು ಭಾಗ ಆಗುತ್ತದೆ ಅನ್ನುವುದು, ಪ್ರತಿಯೊಂದು ತುಂಡಿಗೂ ತನ್ನದೇ ರಿಟರ್ನ್ ಇದ್ದು ಲೂಪ್‌ಗಳು ಒಂದನ್ನೊಂದು ಮುಟ್ಟದಿದ್ದಾಗ ಮಾತ್ರ. ಪಕ್ಕಪಕ್ಕದಲ್ಲಿ ಸಾಲಾಗಿ ಇಟ್ಟರೆ ಮ್ಯೂಚುವಲ್ ಇಂಡಕ್ಟನ್ಸ್ ಲಾಭದ ಒಂದು ಪಾಲನ್ನು ತಿನ್ನುತ್ತದೆ. ಸಿಗ್ನಲ್, ಗ್ರೌಂಡ್, ಸಿಗ್ನಲ್, ಗ್ರೌಂಡ್ ಅಂತ ಬದಲಿಸಿ ಬದಲಿಸಿ ತಂದರೆ ಇದು ತಗ್ಗುತ್ತದೆ.

ಟ್ಯಾಂಕಿನ ಕೆಪಾಸಿಟರ್ ಬ್ಯಾಂಕ್

ಬ್ಯಾಂಕ್ ಅಂದರೆ ಸ್ವಿಚ್ ಹಾಕಿ ಬಳಸುವ ಕೆಪಾಸಿಟರ್‌ಗಳ ಗುಂಪು. ಇದರ ಬಗ್ಗೆ ಬೇರೆಯಾಗಿ ಹೇಳಬೇಕು, ಯಾಕೆಂದರೆ ಪೆಟ್ಟು ಜಾಸ್ತಿ ಬೀಳುವುದು ಇಲ್ಲೇ. 28 ಗಿಗಾಹರ್ಟ್ಜ್ ವಿಸಿಒ (ವೋಲ್ಟೇಜ್‌ನಿಂದ ಫ್ರೀಕ್ವೆನ್ಸಿ ಬದಲಿಸುವ ಆಸಿಲೇಟರ್) ಒಂದಕ್ಕೆ 100 ಪಿಕೋಹೆನ್ರಿ ಇಂಡಕ್ಟರ್ ಇದೆ ಅನ್ನಿ. ಒಟ್ಟು ಕೆಪಾಸಿಟನ್ಸ್ ಸುಮಾರು 323 ಫೆಮ್ಟೊಫ್ಯಾರಡ್ ಬೇಕು. ಇಂಡಕ್ಟರ್‌ನಿಂದ ಬ್ಯಾಂಕ್‌ಗೆ ಹೋಗುವ ವೈರಿನಲ್ಲಿ ಬರೀ 10 ಪಿಕೋಹೆನ್ರಿ ಸೇರಿಕೊಂಡರೂ ಫ್ರೀಕ್ವೆನ್ಸಿ 26.7ಕ್ಕೆ ಇಳಿಯುತ್ತದೆ. ಟ್ಯೂನಿಂಗ್ ರೇಂಜ್ ಬಿಗಿಯಾಗಿದ್ದರೆ ಚಾನೆಲ್ಲೇ ಕೈತಪ್ಪಿತು.

ಬ್ಯಾಂಕಿನ ಒಳಗೆ ಯಾವ ವೈರ್ ಮುಖ್ಯ? 20 ಫೆಮ್ಟೊಫ್ಯಾರಡ್‌ನ ಒಂದು ಯೂನಿಟ್‌ಗೆ ಹೋಗುವ ಕವಲಿನಲ್ಲಿ 40 ಪಿಕೋಹೆನ್ರಿ ಇದ್ದರೂ ಆ ಯೂನಿಟ್ 28 ಗಿಗಾಹರ್ಟ್ಜ್‌ನಲ್ಲಿ 2.5 ಪರ್ಸೆಂಟ್ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಅದೇ 40 ಪಿಕೋಹೆನ್ರಿ ಎಲ್ಲ ಯೂನಿಟ್‌ಗಳ ಕರೆಂಟ್ ಹೊರುವ ಮುಖ್ಯ ವೈರಿನಲ್ಲಿ ಇದ್ದರೆ ಟ್ಯಾಂಕೇ ಬದಲಾಗಿಹೋಗುತ್ತದೆ. ಹಾಗಾಗಿ ಮುಖ್ಯ ವೈರ್ ಗಿಡ್ಡಗಿರಲಿ, ಕವಲುಗಳು ಬೇಕಾದರೆ ಸ್ವಲ್ಪ ಉದ್ದವಾಗಲಿ. ಅತಿ ದೊಡ್ಡ ಬಿಟ್ (ಒಟ್ಟಿಗೆ ಆನ್ ಆಫ್ ಆಗುವ ಯೂನಿಟ್‌ಗಳ ಗುಂಪು) ಇಂಡಕ್ಟರ್‌ನ ಕಾಲಿಗೆ ಹತ್ತಿರ, ಸಣ್ಣ ಬಿಟ್ ದೂರ. ಡಿಫರೆನ್ಶಿಯಲ್ ಟ್ಯಾಂಕ್ ಆದರೆ ಪ್ಲಸ್ ಮೈನಸ್ ವೈರುಗಳನ್ನು ಅಕ್ಕಪಕ್ಕದಲ್ಲೇ ಓಡಿಸಿ, ಎರಡರ ಕರೆಂಟ್ ಎದುರುಬದುರಾಗಿ ಲೂಪ್ ಕಿರಿದಾಗುತ್ತದೆ. ಇಂಡಕ್ಟರ್ ಮತ್ತು ಬ್ಯಾಂಕ್ ಎರಡನ್ನೂ ಒಂದೇ ಇಎಮ್ ಸಿಮ್ಯುಲೇಶನ್‌ನಲ್ಲಿ ಹಾಕಿ. ಬೇರೆ ಬೇರೆ ಮಾಡಿದರೆ ಎರಡರ ನಡುವಿನ ಕಪ್ಲಿಂಗ್ ಎಲ್ಲೂ ಬರುವುದಿಲ್ಲ.

ಡೀಕಪ್ಲಿಂಗ್

ಸಪ್ಲೈ ಮೇಲಿನ ಡೀಕಪ್ಲಿಂಗ್‌ನಲ್ಲಿ ಚಿಪ್ಪಿನೊಳಗಿನ ಕೆಪಾಸಿಟರ್‌ನ ಸ್ವಂತ ಇಂಡಕ್ಟನ್ಸ್‌ಗಿಂತ ಪ್ಯಾಕೇಜಿನದು ದೊಡ್ಡ ಪಾತ್ರ ವಹಿಸುತ್ತದೆ. ಬಾಂಡ್‌ವೈರ್ ಒಂದು ಮಿಲಿಮೀಟರ್‌ಗೆ ಸುಮಾರು 1 ನ್ಯಾನೊಹೆನ್ರಿ. ಕೆಲವು ವೈರು ಪ್ಯಾರಲಲ್ ಹಾಕಿ 0.5 ನ್ಯಾನೊಹೆನ್ರಿ ಬಂತು, ಚಿಪ್ಪಿನಲ್ಲಿ 100 ಪಿಕೋಫ್ಯಾರಡ್ ಇದೆ ಅಂದರೆ ಸುಮಾರು 710 ಮೆಗಾಹರ್ಟ್ಜ್‌ನಲ್ಲಿ ಸಪ್ಲೈ ಇಂಪೀಡೆನ್ಸ್ ದಿಢೀರ್ ಮೇಲೇಳುತ್ತದೆ. ಕೆಪಾಸಿಟರ್ ಜಾಸ್ತಿ ತುಂಬಿದರೆ ಆ ಶಿಖರ ಕೆಳಗಿನ ಫ್ರೀಕ್ವೆನ್ಸಿಗೆ ಜಾರುತ್ತದೆ, ಹೋಗುವುದಿಲ್ಲ. ಅದನ್ನು ಚಪ್ಪಟೆ ಮಾಡುವುದು ರೆಸಿಸ್ಟನ್ಸ್. ಇಂಡಕ್ಟನ್ಸನ್ನು ಕೆಪಾಸಿಟನ್ಸ್‌ನಿಂದ ಭಾಗಿಸಿ ವರ್ಗಮೂಲ ತೆಗೆದರೆ ಇಲ್ಲಿ ಸುಮಾರು 2.2 ಓಮ್. ಡೀಕಪ್ಲಿಂಗ್ ಕೆಪಾಸಿಟರ್‌ಗೆ ಸೀರೀಸ್‌ನಲ್ಲಿ ಅದರ ಆಸುಪಾಸಿನ ರೆಸಿಸ್ಟನ್ಸ್ ಇದ್ದರೆ ಶಿಖರ ತಣ್ಣಗಾಗುತ್ತದೆ. ಮಾಸ್ (ಟ್ರಾನ್ಸಿಸ್ಟರ್‌ನಿಂದ ಮಾಡಿದ) ಕೆಪಾಸಿಟರ್‌ಗೆ ಚಾನೆಲ್ ರೆಸಿಸ್ಟನ್ಸ್ ಹೇಗೂ ಇದೆ, ಗೇಟ್ ಉದ್ದ ಬದಲಿಸಿ ಅದನ್ನು ಹೊಂದಿಸಬಹುದು. ಡೀಕಪ್ಲಿಂಗ್‌ನಲ್ಲಿ ಕ್ಯೂ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವುದು ತಪ್ಪು ನಂಬಿಕೆ.

ಚಿಪ್ಪಿನೊಳಗೂ ಇದೇ ಆಟ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ದೂರದಲ್ಲಿ 10 ಪಿಕೋಫ್ಯಾರಡ್, ದಾರಿಯಲ್ಲಿ 50 ಪಿಕೋಹೆನ್ರಿ, ಸರ್ಕ್ಯೂಟ್ ಪಕ್ಕದಲ್ಲೇ 1 ಪಿಕೋಫ್ಯಾರಡ್. ದೊಡ್ಡದು 7 ಗಿಗಾಹರ್ಟ್ಜ್ ದಾಟಿದ ಮೇಲೆ ಇಂಡಕ್ಟರ್ ಆಯಿತು, ಪಕ್ಕದ ಸಣ್ಣದರ ಜೊತೆ ಸೇರಿ ಸುಮಾರು 23.6 ಗಿಗಾಹರ್ಟ್ಜ್‌ನಲ್ಲಿ ಶಿಖರ ಕೊಡುತ್ತದೆ. ನಿಮ್ಮ ಆಂಪ್ಲಿಫೈಯರ್ 24 ಗಿಗಾಹರ್ಟ್ಜ್‌ನದಾದರೆ ಬೈಪಾಸ್ ಹಾಕಿಯೂ ಬೈಪಾಸ್ ಇಲ್ಲದ ಹಾಗೆ. ನಡುವೆ ಕೆಲವು ಓಮ್ ಸೇರಿಸಿದರೆ ಸರಿಹೋಗುತ್ತದೆ.

ಅಳೆಯುವುದು

ಇಷ್ಟು ಸಣ್ಣ ಇಂಡಕ್ಟನ್ಸ್ ಅಳೆಯುವುದು ಸುಲಭವಲ್ಲ. 10 ಗಿಗಾಹರ್ಟ್ಜ್‌ನಲ್ಲಿ 1 ಪಿಕೋಹೆನ್ರಿ ಅಂದರೆ 0.06 ಓಮ್, ಪಕ್ಕದಲ್ಲಿ 1 ಪಿಕೋಫ್ಯಾರಡ್‌ನ ರಿಯಾಕ್ಟನ್ಸ್ 16 ಓಮ್. ಅದಕ್ಕೇ ಇಂಡಕ್ಟನ್ಸ್ ತಿಳಿಯಲು ದೊಡ್ಡ ಕೆಪಾಸಿಟರನ್ನೇ ಅಳೆಯಿರಿ. ಮೇಲೆ ಹೇಳಿದ 10 ಪಿಕೋಫ್ಯಾರಡ್, 28 ಪಿಕೋಹೆನ್ರಿಯ ರಚನೆ 20 ಗಿಗಾಹರ್ಟ್ಜ್‌ನಲ್ಲಿ ಕೆಪಾಸಿಟರ್ ಕಡೆಯಿಂದ 0.8 ಓಮ್, ಇಂಡಕ್ಟನ್ಸ್ ಕಡೆಯಿಂದ 3.5 ಓಮ್ ಕೊಡುತ್ತದೆ. ಈಗ ಇಂಡಕ್ಟನ್ಸ್ ಎದ್ದು ಕಾಣುತ್ತದೆ.

ಪ್ಯಾಡ್ ಮತ್ತು ವೈರಿನ ಪಾಲು ಕಳೆಯಲು ಓಪನ್ ಮತ್ತು ಶಾರ್ಟ್ ಡಮ್ಮಿಗಳನ್ನು ಅದೇ ವೇಫರ್ ಮೇಲೆ ಇಡಿ. ಶಾರ್ಟ್ ಡಮ್ಮಿಯ ಬಗ್ಗೆ ಹುಷಾರು: ಶಾರ್ಟ್ ಮಾಡಲು ಹಾಕಿದ ಲೋಹಕ್ಕೂ ಇಂಡಕ್ಟನ್ಸ್ ಇದೆ, ಅದೂ ಕಳೆದುಹೋಗುತ್ತದೆ. ಅದು ನಿಮ್ಮ ಕೆಪಾಸಿಟರ್‌ನ ಇಂಡಕ್ಟನ್ಸ್‌ನಷ್ಟೇ ಇದ್ದರೆ ಉತ್ತರ ಸೊನ್ನೆ ಬರುತ್ತದೆ, ಕೆಲವೊಮ್ಮೆ ನೆಗೆಟಿವ್ ಕೂಡ. ನೆಗೆಟಿವ್ ಬಂದರೆ ಮೊದಲು ಶಾರ್ಟ್ ರಚನೆಯನ್ನೇ ಅನುಮಾನಿಸಿ. ಕೆಲವು ಹತ್ತು ಗಿಗಾಹರ್ಟ್ಜ್ ದಾಟಿದರೆ ಓಪನ್ ಶಾರ್ಟ್ ಸಾಲುವುದಿಲ್ಲ, ವೇಫರ್ ಮೇಲೇ ಥ್ರೂ, ರಿಫ್ಲೆಕ್ಟ್, ಲೈನ್ ರಚನೆಗಳನ್ನು ಇಟ್ಟು ಕ್ಯಾಲಿಬ್ರೇಟ್ ಮಾಡಬೇಕು. ಪ್ರೋಬ್ ಪ್ರತಿ ಸಲವೂ ಪ್ಯಾಡಿನ ಒಂದೇ ಜಾಗದಲ್ಲಿ ಕೂರಲಿ. ಹತ್ತು ಮೈಕ್ರಾನ್ ಆಚೀಚೆ ಆದರೂ ಕೆಲವು ಪಿಕೋಹೆನ್ರಿ ಬದಲಾಗುತ್ತದೆ, ನೀವು ಹುಡುಕುತ್ತಿರುವುದೇ ಅಷ್ಟು.

ಡೇಟಾದಿಂದ ಇಂಡಕ್ಟನ್ಸ್ ತೆಗೆಯಲು ನನಗೆ ಇಷ್ಟವಾದ ವಿಧಾನ ಒಂದು ನೇರ ಗೆರೆ. ಸೀರೀಸ್ ಎರಡು ಪೋರ್ಟ್ ರಚನೆಯಾದರೆ ವೈ12ರ (ಎರಡು ಪೋರ್ಟ್‌ಗಳ ನಡುವಿನ ಅಡ್ಮಿಟನ್ಸ್) ಚಿಹ್ನೆ ಬದಲಿಸಿ ತಲೆಕೆಳಗು ಮಾಡಿ, ಸೀರೀಸ್ ಇಂಪೀಡೆನ್ಸ್ ಸಿಗುತ್ತದೆ. ಅದರ ಇಮ್ಯಾಜಿನರಿ ಭಾಗವನ್ನು ಒಮೆಗಾದಿಂದ (ಫ್ರೀಕ್ವೆನ್ಸಿಯ 2π ಪಟ್ಟು) ಗುಣಿಸಿ, ಒಮೆಗಾದ ವರ್ಗದ ಎದುರು ಪ್ಲಾಟ್ ಮಾಡಿ. ಗೆರೆಯ ಇಳಿಜಾರು (ಸ್ಲೋಪ್) ಇಂಡಕ್ಟನ್ಸ್, ಅಕ್ಷವನ್ನು ಕತ್ತರಿಸುವ ಜಾಗ ಕೆಪಾಸಿಟನ್ಸ್‌ನ ವಿಲೋಮದ ನೆಗೆಟಿವ್. ರೆಸೊನೆನ್ಸ್ ಎಲ್ಲಿದೆ ಅಂತ ಒಂದು ಪಾಯಿಂಟ್ ಹುಡುಕಿ ಅದರಿಂದ ಲೆಕ್ಕ ಹಾಕುವುದಕ್ಕಿಂತ ಇದು ಗಟ್ಟಿ, ಯಾಕೆಂದರೆ ನೂರಾರು ಪಾಯಿಂಟ್‌ಗಳು ಒಟ್ಟಿಗೆ ಸಾಕ್ಷಿ ಹೇಳುತ್ತವೆ. ರೆಸೊನೆನ್ಸ್ ನಿಮ್ಮ ಅನಲೈಸರ್‌ನ ಮಿತಿಯಾಚೆ ಇದ್ದರೂ ನಡೆಯುತ್ತದೆ. ಗೆರೆ ಬಾಗಿದರೆ ಅದೂ ಒಂದು ಸುದ್ದಿಯೇ: ಕೆಳಗಿನ ತುದಿಯಲ್ಲಿ ಸ್ವಲ್ಪ ಬಾಗಿದರೆ ಸ್ಕಿನ್ ಎಫೆಕ್ಟ್ ಇರಬಹುದು, ತಾಮ್ರದಲ್ಲಿ 10 ಗಿಗಾಹರ್ಟ್ಜ್‌ಗೆ ಕರೆಂಟ್ ಇಳಿಯುವ ಆಳ 0.66 ಮೈಕ್ರಾನ್ ಮಾತ್ರ. ಮೇಲಿನ ತುದಿಯಲ್ಲಿ ಜೋರಾಗಿ ಬಾಗಿದರೆ ಡೀ-ಎಂಬೆಡಿಂಗ್ (ಪ್ಯಾಡ್ ಮತ್ತು ವೈರಿನ ಪಾಲು ಕಳೆಯುವುದು) ಕೈಕೊಟ್ಟಿದೆ, ಅಥವಾ ಪ್ಲೇಟು ಉದ್ದವಾಗಿ ಒಂದೇ ಎಲ್‌ಸಿ ಮಾಡೆಲ್ ಸಾಲುತ್ತಿಲ್ಲ.

ಅಳತೆಗೂ ಇಎಮ್‌ಗೂ ಹೊಂದಿಕೆ ಬಂದ ಮೇಲೆ ಇದೇ ಇಂಡಕ್ಟನ್ಸನ್ನು ಕೆಲಸಕ್ಕೆ ಹಚ್ಚಬಹುದು. 60 ಗಿಗಾಹರ್ಟ್ಜ್‌ನಲ್ಲಿ 200 ಫೆಮ್ಟೊಫ್ಯಾರಡ್‌ನ ರಿಯಾಕ್ಟನ್ಸ್ 13 ಓಮ್, ಬೈಪಾಸ್‌ಗೆ ಅದು ಜಾಸ್ತಿಯಾಯಿತು. ಅದರ ಲೂಪನ್ನು ಸರಿಯಾಗಿ 35 ಪಿಕೋಹೆನ್ರಿಗೆ ಹೊಂದಿಸಿದರೆ ಎರಡೂ 60ರಲ್ಲಿ ರೆಸೊನೇಟ್ ಆಗಿ ಉಳಿಯುವುದು ರೆಸಿಸ್ಟನ್ಸ್ ಮಾತ್ರ. ಕೆಪಾಸಿಟನ್ಸ್ 10 ಪರ್ಸೆಂಟ್ ಆಚೀಚೆ ಆದರೂ ಉಳಿಕೆ ರಿಯಾಕ್ಟನ್ಸ್ 1.5 ಓಮ್ ಒಳಗೇ ಇರುತ್ತದೆ. ಕಿರಿದಾದ ಬ್ಯಾಂಡ್‌ಗೆ ಇದಕ್ಕಿಂತ ಕಡಿಮೆ ಜಾಗದ ಬೈಪಾಸ್ ಸಿಗುವುದು ಕಷ್ಟ. ಅಗಲ ಬ್ಯಾಂಡ್ ಬೇಕಿದ್ದರೆ ಮಾತ್ರ ಇದನ್ನು ಬಿಟ್ಟು, ಒಂದೇ ಬದಿಯ ಕನೆಕ್ಷನ್‌ನ ದೊಡ್ಡ ಕೆಪಾಸಿಟರ್‌ಗೆ ಹೋಗಿ.